ಸಾಲು ಹೆಚ್ಚಿದ್ದರೆ ಸಾಫ್ಟ್‌ವೇರ್ ಗಟ್ಟಿಯೇ? ಕೋಡ್ ಎಷ್ಟು ಗೋಜಲು ಎಂದು ಅಳೆಯುವುದು ಹೀಗೆ

"ಈ ಆ್ಯಪ್‌ನಲ್ಲಿ ಲಕ್ಷಗಟ್ಟಲೆ ಸಾಲು ಕೋಡ್ ಇದೆ, ಅಷ್ಟು ಗಟ್ಟಿ." "ಬೇರೆಯವರಿಗೆ ಅರ್ಥವಾಗದಂತೆ ಬರೆಯುವವನೇ ನಿಜವಾದ ಪ್ರೋಗ್ರಾಮರ್." "ಓಡುತ್ತಿರುವ ಕೋಡನ್ನು ಮುಟ್ಟಲೇಬೇಡಿ." ಐಟಿ ಕೆಲಸ ಹುಡುಕುವವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತುಗಳು ಸುತ್ತುತ್ತಲೇ ಇರುತ್ತವೆ. ಮೊದಲ ಎರಡು ತಪ್ಪು. ಮೂರನೆಯದು ಅರ್ಧ ಸರಿ, ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ಕೋಡ್ ಬರೆಯದವರಿಗೆ ಇದೆಲ್ಲ ಯಾಕೆ ಬೇಕು? ಹಾವೇರಿ ಜಿಲ್ಲೆಯ ರೈತರ ಪಹಣಿ ಬರುವುದು 'ಭೂಮಿ' ತಂತ್ರಾಂಶದಿಂದ. ಎಪಿಎಂಸಿಗಳ ಆನ್‌ಲೈನ್ ವ್ಯಾಪಾರಕ್ಕೆಂದೇ ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಸಮೂಹದ ಕಂಪನಿಯ ಜೊತೆ ಸೇರಿ ಕಟ್ಟಿದ ವೇದಿಕೆ 2014ರಿಂದ ಇದೆ. ಕಾನೂನು ಬದಲಾಗುತ್ತದೆ, ಶುಲ್ಕ ಬದಲಾಗುತ್ತದೆ, ಆಗೆಲ್ಲ ಕೋಡ್ ತಿದ್ದಬೇಕು. ತಿದ್ದುವವರು ಸಾಮಾನ್ಯವಾಗಿ ಅದನ್ನು ಮೊದಲು ಬರೆದವರಲ್ಲ. ಓದಲು ಬಾರದ ಕೋಡನ್ನು ಅವರು ಅಂದಾಜಿನ ಮೇಲೆ ತಿದ್ದುತ್ತಾರೆ, ಆ ಅಂದಾಜಿನ ಬೆಲೆ ತೆರುವವರು ನಾವು ನೀವು.

ಬಣ್ಣ ಬೇರೆ, ಖಾರ ಬೇರೆ

ಬ್ಯಾಡಗಿ ಮೆಣಸಿನಕಾಯಿ ನೋಡಲು ಕಡುಗೆಂಪು, ಆದರೆ ಖಾರ ಕಡಿಮೆ. ಅದಕ್ಕೇ ವ್ಯಾಪಾರದಲ್ಲಿ ಬಣ್ಣಕ್ಕೆ 'ಆಸ್ಟಾ' ಎಂಬ ಅಳತೆ, ಖಾರಕ್ಕೆ 'ಸ್ಕೋವಿಲ್' ಎಂಬ ಬೇರೆಯೇ ಅಳತೆ. ಕೋಡ್‌ನದೂ ಇದೇ ಕಥೆ. ಸಾಲುಗಳ ಸಂಖ್ಯೆ ಗಾತ್ರವನ್ನು ಹೇಳುತ್ತದೆ, ಓದುವವರ ತಲೆ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಹೇಳುವುದಿಲ್ಲ.

ಆ ಖಾರ ಅಳೆಯುವ ಹೆಸರಾಂತ ದಾರಿ ತೋರಿಸಿದವರು ಅಮೆರಿಕದ ಥಾಮಸ್ ಮೆಕ್ಕೇಬ್, 1976ರ ಒಂದು ಪ್ರಬಂಧದಲ್ಲಿ. ಅವರ ಅಳತೆಗೆ 'ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿ' ಎಂದು ಹೆಸರು. ಹೆಸರು ಕೇಳಿ ಹೆದರಬೇಡಿ, ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗಿ ಬಂದವರಿಗೆ ಇದು ಸುಲಭ.

ಹಾವೇರಿಯಿಂದ ಹೆದ್ದಾರಿ ಹಿಡಿದರೆ ಮೋಟೆಬೆನ್ನೂರು ಸಿಗುತ್ತದೆ. ಅಲ್ಲಿ ಒಂದು ತೀರ್ಮಾನ: ನೇರ ರಾಣೆಬೆನ್ನೂರಿಗೆ ಹೋಗುವುದೋ, ಬ್ಯಾಡಗಿಗೆ ತಿರುಗಿ ಅಲ್ಲಿಂದ ರಾಣೆಬೆನ್ನೂರು ಸೇರುವುದೋ? ಊರುಗಳು ನಾಲ್ಕು. ಅವುಗಳ ನಡುವಿನ ದಾರಿ ತುಂಡುಗಳೂ ನಾಲ್ಕು. ಮೆಕ್ಕೇಬ್ ಸೂತ್ರ: ದಾರಿಗಳಿಂದ ಊರುಗಳನ್ನು ಕಳೆದು 2 ಕೂಡಿಸಿ. 4 - 4 + 2 = 2. ಇನ್ನೂ ಸರಳವಾಗಿ ಬೇಕೆಂದರೆ ಕವಲುಗಳ ಸಂಖ್ಯೆಗೆ 1 ಸೇರಿಸಿ, ಅಷ್ಟೇ. ಕೋಡ್‌ನಲ್ಲಿ ಊರೆಂದರೆ ಒಂದು ಹೆಜ್ಜೆ, ಕವಲೆಂದರೆ 'ಇಫ್' ಅಥವಾ 'ವೈಲ್'.

ಮೆಕ್ಕೇಬ್ ವಿಧಾನದಲ್ಲಿ ಒಂದು ಫಂಕ್ಷನ್ನಿಗೆ ಕನಿಷ್ಠ ಎಷ್ಟು ಪರೀಕ್ಷೆ ಬೇಕು ಎಂಬುದೂ ಇದೇ ಸಂಖ್ಯೆಯಿಂದ ತಿಳಿಯುತ್ತದೆ. ಒಂದರ ನಂತರ ಒಂದು ಹತ್ತು ಕವಲಿದ್ದರೆ ಅಂಕ 11. ಆದರೆ ಮೊದಲಿನಿಂದ ಕೊನೆಯವರೆಗೆ ಹೋಗುವ ಬೇರೆ ಬೇರೆ ಹಾದಿಗಳು 1024 ಇರಬಹುದು! ಅಷ್ಟನ್ನೂ ತಲೆಯಲ್ಲಿ ಹಿಡಿಯುವವರು ಯಾರು? ಮೆಕ್ಕೇಬ್ ಸೂಚಿಸಿದ ಮಿತಿ 10. ಅದು ಪ್ರಕೃತಿ ನಿಯಮವೇನಲ್ಲ, ಅನುಭವದ ಗೆರೆ.

ಅಂಕ ಮೀರಿದರೆ ನಿಜಕ್ಕೂ ಏನಾಗುತ್ತದೆ?

ಅಮೆರಿಕದ ಒಕ್ಲಹೋಮಾದಲ್ಲಿ 2005ರ ಮಾದರಿಯ ಟೊಯೊಟಾ ಕ್ಯಾಮ್ರಿ ಕಾರೊಂದು ಹತೋಟಿ ತಪ್ಪಿ ಒಬ್ಬರು ಸತ್ತ ಪ್ರಕರಣ 2013ರಲ್ಲಿ ವಿಚಾರಣೆಗೆ ಬಂತು. ಕಾರಿನ ಕೋಡ್ ಪರಿಶೀಲಿಸಿದ್ದ ತಜ್ಞ ಮೈಕೆಲ್ ಬಾರ್, ಅದರ 67 ಫಂಕ್ಷನ್‌ಗಳ ಅಂಕ 50 ದಾಟಿದೆ, ಥ್ರಾಟಲ್ ನೋಡಿಕೊಳ್ಳುವ ಮುಖ್ಯ ಫಂಕ್ಷನ್ 100ನ್ನೂ ಮೀರಿದೆ ಎಂದು ಸಾಕ್ಷ್ಯ ನುಡಿದರು. ಜ್ಯೂರಿಯ ತೀರ್ಪು ಕಂಪನಿಯ ವಿರುದ್ಧ ಬಂತು. ಇದಕ್ಕೂ ಮೊದಲು, 2011ರಲ್ಲಿ ಹೊರಬಂದ ನಾಸಾ ತಂಡದ ಅಧ್ಯಯನ ಟೊಯೊಟಾ ಕಾರುಗಳ ವೇಗ ಹೆಚ್ಚಳಕ್ಕೆ ಎಲೆಕ್ಟ್ರಾನಿಕ್ ದೋಷ ಕಾರಣವೆಂಬ ಪುರಾವೆ ಸಿಗಲಿಲ್ಲ ಎಂದಿತ್ತು. ಆದ್ದರಿಂದ "ಗೋಜಲು ಕೋಡ್ ಜೀವ ತೆಗೆಯಿತು" ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಈ ಎರಡನೆಯ ಮಾತನ್ನೂ ಸೇರಿಸಿ ಕಳಿಸಿ. ಅಷ್ಟು ಗೋಜಲಾದ ಕೋಡನ್ನು ಪೂರ್ತಿ ಪರೀಕ್ಷಿಸಿ "ಇದರಲ್ಲಿ ತಪ್ಪಿಲ್ಲ" ಎಂದು ತೋರಿಸುವುದೇ ಕಷ್ಟ ಎಂಬುದಷ್ಟೇ ನಮ್ಮ ವಾದ.

ನಮ್ಮ ಕಡೆಯದೇ ಒಂದು ಮಾತು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು, ರೈತರ ಪ್ರತಿಭಟನೆ ಹಿಂಸೆಗೆ ತಿರುಗಿ ವಾಹನಗಳಿಗೆ ಬೆಂಕಿ ಬಿತ್ತು. ಅದಕ್ಕೆ ಸಾಫ್ಟ್‌ವೇರ್ ಕಾರಣವೆಂದು ಯಾರೂ ಓದಿಕೊಳ್ಳಬಾರದು, ಸಿಟ್ಟು ದರದ ಮೇಲೆ. ಆದರೆ "ಇವತ್ತಿನ ದರ ಹೇಗೆ ಬಂತು?" ಎಂದು ರೈತ ಕೇಳಿದಾಗ ಕೋಡ್ ತೆರೆದು ಉತ್ತರ ಹೇಳಬಲ್ಲ ಒಬ್ಬರಾದರೂ ಇರಬೇಕಲ್ಲ?

ಮೆಕ್ಕೇಬ್ ಅಂಕ ಹೇಳದ ಸಂಗತಿ

ಕಾಲ್ಪನಿಕ ಉದಾಹರಣೆ ನೋಡೋಣ, ಒಂದು ಲಾಟ್ ಮೆಣಸಿನಕಾಯಿಗೆ ಬಿಲ್ ಮಾಡುವ ಕೋಡ್. ಮೊದಲ ಬಗೆ: ಟೆಂಡರ್ ಮುಗಿದಿದ್ದರೆ, ಅದರೊಳಗೆ ರೈತ ದರ ಒಪ್ಪಿದ್ದರೆ, ಅದರೊಳಗೆ ತೂಕ ಆಗಿದ್ದರೆ ಬಿಲ್ ಮಾಡು. ಎರಡನೆಯ ಬಗೆ: ಟೆಂಡರ್ ಮುಗಿದಿಲ್ಲವೇ? ನಿಲ್ಲಿಸು. ರೈತ ಒಪ್ಪಿಲ್ಲವೇ? ನಿಲ್ಲಿಸು. ತೂಕ ಆಗಿಲ್ಲವೇ? ನಿಲ್ಲಿಸು. ಮೂರೂ ದಾಟಿದರೆ ಬಿಲ್ ಮಾಡು.

ಎರಡಕ್ಕೂ ಮೆಕ್ಕೇಬ್ ಅಂಕ 4. ಆದರೆ ಎರಡನೆಯದು ಓದಲು ಹಗುರ ಎಂದು ಯಾರಾದರೂ ಹೇಳಬಲ್ಲರು. ಈ ಕೊರತೆ ತುಂಬಲು ಸೋನಾರ್‌ಸೋರ್ಸ್ ಕಂಪನಿಯ ಜಿ. ಆ್ಯನ್ ಕ್ಯಾಂಪ್‌ಬೆಲ್ 'ಕಾಗ್ನಿಟಿವ್ ಕಾಂಪ್ಲೆಕ್ಸಿಟಿ' ಎಂಬ ಅಳತೆ ಮಾಡಿದರು. ಒಂದರೊಳಗೆ ಒಂದು ಹೊಕ್ಕಷ್ಟೂ ದಂಡ ಹೆಚ್ಚು. ಈ ಲೆಕ್ಕದಲ್ಲಿ ಮೊದಲ ಬಗೆಗೆ 1 + 2 + 3 = 6, ಎರಡನೆಯದಕ್ಕೆ ಬರೀ 3. ಲಿನಕ್ಸ್ ಕರ್ನಲ್ ಬರೆಯುವವರ ನಿಯಮಾವಳಿಯಂತೂ ಇನ್ನೂ ಒರಟು. ಮೂರು ಹಂತಕ್ಕಿಂತ ಒಳಗೆ ಹೋಗಬೇಕಾಗಿ ಬಂದರೆ ನಿಮ್ಮ ಪ್ರೋಗ್ರಾಮನ್ನೇ ಸರಿಮಾಡಿಕೊಳ್ಳಿ ಎನ್ನುತ್ತದೆ ಅದು.

ಅಂಕ ಇಳಿಸುವ ಇನ್ನೊಂದು ದಾರಿ ದರಪಟ್ಟಿ. ಡಬ್ಬಿಗೆ ಇಷ್ಟು, ಕಡ್ಡಿಗೆ ಇಷ್ಟು ಎಂದು 'ಇಫ್' ಮೇಲೆ 'ಇಫ್' ಪೇರಿಸುವ ಬದಲು ಒಂದು ಪಟ್ಟಿ ಬರೆದು ಅದರಿಂದ ತೆಗೆದುಕೊಳ್ಳಿ. ತಳಿ ಹೆಚ್ಚಿದರೆ ಪಟ್ಟಿಗೆ ಒಂದು ಸಾಲು ಸೇರುತ್ತದೆ, ಕವಲು ಹೆಚ್ಚುವುದಿಲ್ಲ. ಉದ್ದದ ಷರತ್ತಿಗೆ ಅರ್ಥವಾಗುವ ಹೆಸರು ಕೊಡುವುದರಿಂದ ಅಂಕ ಇಳಿಯದೇ ಇರಬಹುದು, ಓದುವವರಿಗೆ ಮಾತ್ರ ನಿಜಕ್ಕೂ ಉಪಕಾರ.

ಅಂಕಕ್ಕಾಗಿಯೇ ಅಂಕ ಇಳಿಸುವುದು ಇನ್ನೊಂದು ಕಾಯಿಲೆ. ಒಂದು ಫಂಕ್ಷನ್ ಒಡೆದು 'ಭಾಗ ಒಂದು', 'ಭಾಗ ಎರಡು' ಎಂದು ಹೆಸರಿಟ್ಟರೆ ಅಂಕ ಚಂದ ಕಾಣುತ್ತದೆ, ಓದುವವರು ಮಾತ್ರ ಅಲ್ಲಿಂದ ಇಲ್ಲಿಗೆ ಅಲೆಯುತ್ತಾರೆ. ಉದ್ದದ 'ಸ್ವಿಚ್-ಕೇಸ್'ಗೆ ಅಂಕ ಜಾಸ್ತಿ ಬಂದರೂ ಓದುವುದು ಕಷ್ಟವಲ್ಲ, ಮೆಕ್ಕೇಬ್ ಅವರೇ ಅದಕ್ಕೆ ವಿನಾಯಿತಿ ಕೊಟ್ಟಿದ್ದರು. ಫಂಕ್ಷನ್ ಉದ್ದವಾದಂತೆ ಅಂಕವೂ ಏರುವುದರಿಂದ ಈ ಅಳತೆ ಹೊಸದೇನು ಹೇಳುತ್ತದೆ ಎಂದು ಕೇಳುವ ಸಂಶೋಧಕರೂ ಇದ್ದಾರೆ. ಜ್ವರಮಾಪಕದ ಹಾಗೆ ಬಳಸಿ, ಅದರಿಂದಲೇ ರೋಗ ಹೇಳಬೇಡಿ.

ನೀವೇ ನೋಡಬೇಕೆ?

ಪೈಥಾನ್ ಕಲಿಯುವವರಿಗೆ 'ರೇಡಾನ್' ಎಂಬ ಉಚಿತ ಸಾಧನವಿದೆ. ಪ್ರತಿ ಫಂಕ್ಷನ್ನಿಗೂ ಅಂಕ ಹಾಕಿ ದರ್ಜೆ ಕೊಡುತ್ತದೆ: 1ರಿಂದ 5 ಬಂದರೆ 'ಎ', 6ರಿಂದ 10 ಬಂದರೆ 'ಬಿ', 40 ದಾಟಿದರೆ 'ಎಫ್'. ಜಾವಾಸ್ಕ್ರಿಪ್ಟ್‌ಗೆ 'ಇಎಸ್‌ಲಿಂಟ್' ಇದೆ, ಅದರ ಈ ನಿಯಮ ಚಾಲೂ ಮಾಡಿದರೆ 20 ಮೀರಿದ್ದಕ್ಕೆ ಎಚ್ಚರಿಸುತ್ತದೆ, ಮಿತಿಯನ್ನು ನೀವೇ ಇಳಿಸಿಕೊಳ್ಳಬಹುದು. "ಎಐ ಬರೆದುಕೊಡುತ್ತದೆ, ಓದುವುದು ಯಾಕೆ?" ಎನ್ನುವವರು ಆ ಕೋಡನ್ನೂ ಇದೇ ತಕ್ಕಡಿಗೆ ಹಾಕಲಿ.

ಇನ್ನು ಓಡುತ್ತಿರುವ ಕೋಡನ್ನು ಮುಟ್ಟಬಾರದು ಎಂಬ ಮಾತು. ಪರೀಕ್ಷೆಗಳಿಲ್ಲದೆ ಮುಟ್ಟಬಾರದು ಎಂದರೆ ಸರಿ. 'ಎಫ್' ಬಂದ ಫಂಕ್ಷನ್ ಈಗ ಯಾವ ಲೆಕ್ಕಕ್ಕೆ ಯಾವ ಉತ್ತರ ಕೊಡುತ್ತಿದೆ ಎಂಬುದನ್ನು ಮೊದಲು ಪರೀಕ್ಷೆಗಳಾಗಿ ಬರೆದಿಟ್ಟುಕೊಳ್ಳಿ. ಆಮೇಲೆ ಒಂದೊಂದೇ ಕವಲು ಬಿಡಿಸಿ, ಪ್ರತಿ ಸಲವೂ ಅವೇ ಪರೀಕ್ಷೆಗಳನ್ನು ಮತ್ತೆ ಓಡಿಸಿ.