ಬ್ರ್ಯಾಂಡ್ ಸಮಗ್ರತೆ ಮತ್ತು ಗ್ರಾಹಕ ಅನುಭವ

ಬ್ರ್ಯಾಂಡ್ ಸಮಗ್ರತೆ ಎಂದರೆ ಒಂದು ಸಂಸ್ಥೆಯು ತನ್ನ ಹೆಸರಿನ ಮೂಲಕ ಗ್ರಾಹಕರಿಗೆ ನೀಡುವ ಭರವಸೆಗೂ ಅವರಿಗೆ ವಾಸ್ತವವಾಗಿ ದೊರೆಯುವ ಸರಕು ಅಥವಾ ಸೇವೆಗೂ ಇರುವ ಹೊಂದಾಣಿಕೆ. ಲಾಂಛನ ಮತ್ತು ಜಾಹೀರಾತುಗಳು ಹೆಸರನ್ನು ಪರಿಚಯಿಸುತ್ತವೆ. ಆ ಹೆಸರಿನ ಮೇಲಿನ ನಂಬಿಕೆ ಉಳಿಯುವುದು ಪ್ರತಿ ಭೇಟಿಯಲ್ಲಿಯೂ ನಿರೀಕ್ಷಿಸಿದ ಅನುಭವವೇ ದೊರೆತಾಗ. ಒಂದೇ ಅಂಗಡಿಯಿದ್ದಾಗ ಮಾಲೀಕನ ಮೇಲ್ವಿಚಾರಣೆಯೇ ಇದಕ್ಕೆ ಸಾಕು. ಶಾಖೆಗಳು ಹೆಚ್ಚಿದಂತೆ ಲಿಖಿತ ಕಾರ್ಯವಿಧಾನ, ತರಬೇತಿ ಮತ್ತು ತಪಾಸಣೆಗಳು ಅವನ ಸ್ಥಾನವನ್ನು ತುಂಬಬೇಕಾಗುತ್ತದೆ.

ಪರಿಕಲ್ಪನೆ

ಎ. ಪರಶುರಾಮನ್, ವ್ಯಾಲರಿ ಝೈತಮಲ್ ಮತ್ತು ಲಿಯೊನಾರ್ಡ್ ಬೆರ್ರಿ ಅವರು 1988ರಲ್ಲಿ ಪ್ರಕಟಿಸಿದ ‘ಸರ್ವ್‌ಕ್ವಾಲ್’ ಮಾಪನವು ಸೇವೆಯ ಗುಣಮಟ್ಟವನ್ನು ಗ್ರಾಹಕರ ನಿರೀಕ್ಷೆ ಮತ್ತು ಅನುಭವಗಳ ನಡುವಿನ ಅಂತರವಾಗಿ ಅಳೆಯುತ್ತದೆ. ಅದರ ಐದು ಆಯಾಮಗಳಲ್ಲಿ ವಿಶ್ವಾಸಾರ್ಹತೆ, ಅಂದರೆ ಹೇಳಿದ್ದನ್ನು ಹೇಳಿದಂತೆ ಪ್ರತಿ ಬಾರಿಯೂ ನೆರವೇರಿಸುವುದು, ಗ್ರಾಹಕರಿಗೆ ಅತ್ಯಂತ ಮುಖ್ಯವಾದುದೆಂದು ಅವರು ಕಂಡುಕೊಂಡರು.

ಮೆಕ್‌ಡೊನಾಲ್ಡ್ಸ್

ಅಮೆರಿಕದ ರೇ ಕ್ರಾಕ್ 1955ರಲ್ಲಿ ಇಲಿನಾಯ್ ರಾಜ್ಯದ ಡೆಸ್ ಪ್ಲೇನ್ಸ್‌ನಲ್ಲಿ ತನ್ನ ಮೊದಲ ಮೆಕ್‌ಡೊನಾಲ್ಡ್ಸ್ ಮಳಿಗೆಯನ್ನು ತೆರೆದನು. ಗುಣಮಟ್ಟ, ಸೇವೆ ಮತ್ತು ಸ್ವಚ್ಛತೆಗಳನ್ನು ಆತನು ಎಲ್ಲ ಫ್ರಾಂಚೈಸಿಗಳಿಗೂ ಅನ್ವಯಿಸಿದನು. 1961ರಲ್ಲಿ ‘ಹ್ಯಾಂಬರ್ಗರ್ ಯೂನಿವರ್ಸಿಟಿ’ ಎಂಬ ತರಬೇತಿ ಕೇಂದ್ರ ಆರಂಭವಾಯಿತು.

ಏಕರೂಪತೆಯೆಂದರೆ ಎಲ್ಲೆಡೆಯೂ ಒಂದೇ ಪದಾರ್ಥ ಎಂದಲ್ಲ. 1996ರಲ್ಲಿ ಭಾರತಕ್ಕೆ ಬಂದಾಗ ಈ ಸಂಸ್ಥೆಯು ತನ್ನ ಗುರುತೇ ಆಗಿದ್ದ ಗೋಮಾಂಸದ ಬರ್ಗರನ್ನು ಕೈಬಿಟ್ಟಿತು. ಸಸ್ಯಾಹಾರಕ್ಕೆ ಅಡುಗೆಮನೆಯಲ್ಲಿ ಪ್ರತ್ಯೇಕ ವಿಭಾಗವನ್ನು ಇರಿಸಿ, ಮೊಟ್ಟೆಯಿಲ್ಲದ ಮೇಯನೇಸ್ ಬಳಸಿತು. ತಿನಿಸು ಬದಲಾದರೂ ಸೇವೆಯ ಕ್ರಮ ಬದಲಾಗಲಿಲ್ಲ. ಯಾವುದು ಬದಲಾಗಬಾರದು, ಯಾವುದು ಬದಲಾಗಬಹುದು ಎಂಬ ಈ ವಿಂಗಡಣೆಯೇ ವಿಷಯದ ಕಠಿಣ ಭಾಗ.

1985ರಲ್ಲಿ ಕೋಕಾ-ಕೋಲಾ ಸಂಸ್ಥೆ ಈ ವಿಂಗಡಣೆಯಲ್ಲಿ ಎಡವಿತು. ರುಚಿ ಪರೀಕ್ಷೆಗಳಲ್ಲಿ ಮೇಲುಗೈ ಸಾಧಿಸಿದ್ದ ಹೊಸ ಪಾನೀಯವನ್ನು ಹಳೆಯದರ ಬದಲಿಗೆ ಮಾರುಕಟ್ಟೆಗೆ ತಂದಾಗ ತೀವ್ರ ವಿರೋಧ ವ್ಯಕ್ತವಾಗಿ, 79 ದಿನಗಳಲ್ಲಿ ಹಳೆಯ ಪಾನೀಯ ಮರಳಿತು.

ಸ್ಟಾರ್‌ಬಕ್ಸ್

ಬ್ರ್ಯಾಂಡ್ ಒಂದೇ ದಿನದಲ್ಲಿ ಕೆಡುವುದು ಅಪರೂಪ. ಒಂದೊಂದಾಗಿ ನೋಡಿದರೆ ಸಮಂಜಸವೆನಿಸುವ ಸಣ್ಣ ನಿರ್ಧಾರಗಳಿಂದ ಅದು ಸವೆಯುತ್ತದೆ. ಸ್ಟಾರ್‌ಬಕ್ಸ್‌ನ ಹೋವರ್ಡ್ ಶುಲ್ಟ್ಜ್ ಫೆಬ್ರವರಿ 2007ರಲ್ಲಿ ಬರೆದು, ಬಳಿಕ ಬಹಿರಂಗಗೊಂಡ ಆಂತರಿಕ ಟಿಪ್ಪಣಿಯ ಸಾರವೂ ಇದೇ. ಸ್ವಯಂಚಾಲಿತ ಎಸ್ಪ್ರೆಸೊ ಯಂತ್ರಗಳು ಸೇವೆಯನ್ನು ಚುರುಕುಗೊಳಿಸಿದ್ದವು, ಆದರೆ ಕಾಫಿ ತಯಾರಿಸುವವರನ್ನು ಗ್ರಾಹಕರ ಕಣ್ಣಿನಿಂದ ಮರೆಮಾಡಿದ್ದವು. ಗಾಳಿಯಾಡದ ಪೊಟ್ಟಣಗಳು ಬೀಜವನ್ನು ತಾಜಾ ಇರಿಸಿದರೂ ಮಳಿಗೆಯಲ್ಲಿ ಕಾಫಿಯ ಪರಿಮಳವೇ ಇಲ್ಲವಾಗಿತ್ತು. ಬಿಸಿ ಮಾಡಿದ ಸ್ಯಾಂಡ್‌ವಿಚ್‌ಗಳ ವಾಸನೆ ಉಳಿದ ಪರಿಮಳವನ್ನೂ ಮುಚ್ಚುತ್ತಿದೆ ಎಂಬುದು ಆತನ ಮತ್ತೊಂದು ಆಕ್ಷೇಪವಾಗಿತ್ತು. ಕಾಫಿ ಅಂಗಡಿಗೆ ಕಾಲಿಟ್ಟವರು ಮೊದಲು ಗಮನಿಸುವುದು ಪರಿಮಳವನ್ನೇ ಎಂಬುದನ್ನು ಕಾಫಿಪುಡಿ ಅಂಗಡಿಗಳ ಬೀದಿಯಲ್ಲಿ ನಡೆದವರಿಗೆ ವಿವರಿಸಬೇಕಿಲ್ಲ.

ಜನವರಿ 2008ರಲ್ಲಿ ಮತ್ತೆ ಮುಖ್ಯ ಕಾರ್ಯನಿರ್ವಾಹಕನಾದ ಶುಲ್ಟ್ಜ್, ಅದೇ ವರ್ಷ ಫೆಬ್ರವರಿ 26ರ ಸಂಜೆ ಅಮೆರಿಕದ ಸುಮಾರು 7,100 ಮಳಿಗೆಗಳನ್ನು ಕೆಲವು ಗಂಟೆಗಳ ಕಾಲ ಮುಚ್ಚಿಸಿ, ಎಸ್ಪ್ರೆಸೊ ತಯಾರಿಕೆಯಲ್ಲಿ ಸಿಬ್ಬಂದಿಗೆ ಮರುತರಬೇತಿ ಕೊಡಿಸಿದನು. ಒಂದು ಸಂಜೆಯ ವ್ಯಾಪಾರವನ್ನು ಬಿಟ್ಟುಕೊಟ್ಟ ಈ ಕ್ರಮವು ತನ್ನ ಗುಣಮಟ್ಟ ಇಳಿದಿದೆ ಎಂಬುದರ ಬಹಿರಂಗ ಒಪ್ಪಿಗೆಯೂ ಆಗಿತ್ತು. ಆದರೂ ತರಬೇತಿಯೊಂದರಿಂದಲೇ ಎಲ್ಲವೂ ಸರಿಹೋಗಲಿಲ್ಲ. ಅದೇ ವರ್ಷ ಅತಿವೇಗದ ವಿಸ್ತರಣೆಯಿಂದ ಹಿಂದೆ ಸರಿದು ಅಮೆರಿಕದ ನೂರಾರು ಮಳಿಗೆಗಳನ್ನು ಮುಚ್ಚುವ ನಿರ್ಧಾರವನ್ನು ಸಂಸ್ಥೆ ಪ್ರಕಟಿಸಿತು.

ಮಾವಳ್ಳಿ ಟಿಫಿನ್ ರೂಮ್ಸ್

ಬಹುರಾಷ್ಟ್ರೀಯ ಸರಪಳಿಗಳ ಹೊರಗೂ ಇದೇ ಪ್ರಶ್ನೆ ಎದುರಾಗುತ್ತದೆ. ಬೆಂಗಳೂರಿನಲ್ಲಿ ಯಜ್ಞನಾರಾಯಣ ಮಯ್ಯ ಮತ್ತು ಸಹೋದರರು 1924ರಲ್ಲಿ ಆರಂಭಿಸಿದ ಎಂ.ಟಿ.ಆರ್. ಹೋಟೆಲು ರುಚಿ ಹಾಗೂ ಶುಚಿತ್ವಕ್ಕೆ ಹೆಸರಾಗಿತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳನ್ನು ಅತಿ ಕಡಿಮೆ ದರಕ್ಕೆ ಮಾರಬೇಕೆಂಬ ಸರ್ಕಾರಿ ನಿಯಂತ್ರಣ ಬಂದಾಗ, ಆ ದರದಲ್ಲಿ ಹಿಂದಿನ ಮಟ್ಟವನ್ನು ಕಾಯ್ದುಕೊಳ್ಳುವುದು ದುಸ್ತರವಾಯಿತು. ಆಗ ಸಂಸ್ಥೆಯು ಸಿದ್ಧ ಆಹಾರ ಮಿಶ್ರಣಗಳ ತಯಾರಿಕೆಗೆ ಹೊರಳಿತು. ಹೆಸರು ಹೋಟೆಲಿನಿಂದ ಪೊಟ್ಟಣದ ಮೇಲೆ ಬಂದದ್ದು ಹೀಗೆ.

2007ರಲ್ಲಿ ನಾರ್ವೆಯ ಒರ್ಕ್ಲಾ ಸಂಸ್ಥೆಯು ಪೊಟ್ಟಣ ಆಹಾರದ ಎಂ.ಟಿ.ಆರ್. ಫುಡ್ಸ್ ಕಂಪನಿಯನ್ನು ಖರೀದಿಸಿತು. ಹೋಟೆಲುಗಳು ಮಯ್ಯ ಕುಟುಂಬದಲ್ಲಿಯೇ ಉಳಿದವು. ಹೀಗಾಗಿ ಒಂದೇ ಮೂರಕ್ಷರದ ಹಿಂದೆ ಈಗ ಎರಡು ಬೇರೆ ಆಡಳಿತಗಳಿವೆ. ಸಾಮಾನ್ಯ ಗ್ರಾಹಕನು ಈ ಭೇದವನ್ನು ಅರಿತಿರುವುದು ಕಡಿಮೆ: ಪೊಟ್ಟಣದ ರುಚಿಯನ್ನು ಹೋಟೆಲಿನ ನೆನಪಿನೊಡನೆ ಹೋಲಿಸುತ್ತಾನೆ, ಒಂದರ ಕೀರ್ತಿ ಅಥವಾ ಲೋಪ ಮತ್ತೊಂದಕ್ಕೂ ತಗಲುತ್ತದೆ.

ಕಾನೂನಿನ ನೆಲೆ

ಹೆಸರನ್ನು ಇತರರಿಗೆ ಬಳಸಲು ಕೊಟ್ಟಾಗ ಗುಣಮಟ್ಟದ ನಿಯಂತ್ರಣವು ಕೇವಲ ವ್ಯಾಪಾರನೀತಿಯಾಗಿ ಉಳಿಯುವುದಿಲ್ಲ. ಭಾರತದ ವ್ಯಾಪಾರ ಚಿಹ್ನೆಗಳ ಅಧಿನಿಯಮ, 1999ರ 49ನೆಯ ಪ್ರಕರಣದ ಪ್ರಕಾರ, ನೋಂದಾಯಿತ ಬಳಕೆದಾರನಿಗಾಗಿ ಸಲ್ಲಿಸುವ ಅರ್ಜಿಯಲ್ಲಿ ಚಿಹ್ನೆಯ ಬಳಕೆಯ ಮೇಲೆ ಒಡೆಯನಿಗಿರುವ ನಿಯಂತ್ರಣದ ಪ್ರಮಾಣವನ್ನು ತಿಳಿಸಬೇಕು. ಒಪ್ಪಂದದಲ್ಲಿರುವ ಗುಣಮಟ್ಟದ ಷರತ್ತುಗಳು ಜಾರಿಯಾಗದಿದ್ದರೆ ಅಥವಾ ಪಾಲನೆಯಾಗದಿದ್ದರೆ, ಬಳಕೆದಾರನ ನೋಂದಣಿಯನ್ನು ರದ್ದುಪಡಿಸಲು 50ನೆಯ ಪ್ರಕರಣವು ಅವಕಾಶ ನೀಡುತ್ತದೆ.