ಶುಗರ್ ಇರುವವರ ಕೊಲೆಸ್ಟ್ರಾಲ್ ರಿಪೋರ್ಟ್: ‘ನಾರ್ಮಲ್’ ಅಂತಿದ್ದರೂ ಒಮ್ಮೆ ಕಳೆದು ನೋಡಿ

ಲ್ಯಾಬ್‌ನಿಂದ ರಿಪೋರ್ಟ್ ಕೈಗೆ ಬಂದ ಕೂಡಲೇ ಹೆಚ್ಚಿನವರು ನೋಡೋದು ಒಂದನ್ನೇ: ಯಾವ ನಂಬರ್ ದಪ್ಪಕ್ಷರದಲ್ಲಿದೆ, ಯಾವುದರ ಪಕ್ಕ ಸ್ಟಾರ್ ಗುರುತು ಬಿದ್ದಿದೆ ಅಂತ. ಗುರುತು ಇಲ್ಲದಿದ್ದರೆ ‘ಎಲ್ಲಾ ನಾರ್ಮಲ್’ ಎಂದು ಮಡಚಿ ಗಲ್ಲಾಪೆಟ್ಟಿಗೆ ಕೆಳಗೆ ಇಟ್ಟುಬಿಡುತ್ತಾರೆ. ಶುಗರ್ ಇಲ್ಲದ, ಬೇರೆ ತೊಂದರೆಯೂ ಇಲ್ಲದ ವ್ಯಕ್ತಿಗೆ ಇದು ಹೆಚ್ಚೂಕಡಿಮೆ ನಡೆಯುತ್ತೆ. ಮಧುಮೇಹ ಇರುವವರಿಗೆ ನಡೆಯಲ್ಲ. ರಿಪೋರ್ಟಿನ ಬಲಗಡೆ ಮುದ್ರಿಸಿರುವ ಅಳತೆ ಸಾಮಾನ್ಯ ಜನರಿಗೆ ಬರೆದದ್ದು, ಅವರಿಗೆ ಬರೆದದ್ದಲ್ಲ.

ಒಂದು ಉದಾಹರಣೆ ನೋಡೋಣ. 52 ವರ್ಷದ ದಿನಸಿ ಅಂಗಡಿಯವರು ಅಂದುಕೊಳ್ಳಿ, ಎಂಟು ವರ್ಷದಿಂದ ಶುಗರ್ ಇದೆ. ಒಟ್ಟು ಕೊಲೆಸ್ಟ್ರಾಲ್ 186, ಎಚ್‌ಡಿಎಲ್ 41, ಟ್ರೈಗ್ಲಿಸರೈಡ್ 145, ಎಲ್‌ಡಿಎಲ್ 116. ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿದೆ, ಎಚ್‌ಡಿಎಲ್ ಗಂಡಸರಿಗೆ ಬೇಕಾದ 40ರ ಮೇಲಿದೆ, ಟ್ರೈಗ್ಲಿಸರೈಡ್ 150 ದಾಟಿಲ್ಲ. ಎಲ್‌ಡಿಎಲ್ 130ರ ಒಳಗಿದ್ದರೆ ಸಾಕು ಎಂದು ಮುದ್ರಿಸುವ ಲ್ಯಾಬ್‌ಗಳು ಇನ್ನೂ ಇವೆ. ಅಂಥ ರಿಪೋರ್ಟಿನಲ್ಲಿ ಒಂದೂ ಸ್ಟಾರ್ ಬೀಳೋದಿಲ್ಲ.

ಆದರೆ ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಮಧುಮೇಹ ಇರುವವರನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸುತ್ತದೆ. ಈ ಗುಂಪಿಗೆ ಎಲ್‌ಡಿಎಲ್ 70ರ ಕೆಳಗಿರಬೇಕು. ಈಗಾಗಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ, ಸ್ಟೆಂಟ್ ಹಾಕಿದ್ದರೆ, ಲಕ್ವ ಹೊಡೆದಿದ್ದರೆ 55ರ ಕೆಳಗೆ. ಅಂದರೆ ‘ನಾರ್ಮಲ್’ ಅಂತ ಬಂದ ಆ 116, ಇರಬೇಕಾದ್ದಕ್ಕಿಂತ 46 ಹೆಚ್ಚು. ಗುರಿ ಎಷ್ಟು ಅನ್ನೋದನ್ನು ವೈದ್ಯರು ರೋಗಿಯನ್ನು ನೋಡಿ ನಿರ್ಧರಿಸುತ್ತಾರೆ. ಲ್ಯಾಬ್‌ನ ಕಂಪ್ಯೂಟರಿಗೆ ರಕ್ತ ಕೊಟ್ಟವರಿಗೆ ಶುಗರ್ ಇದೆಯೋ ಇಲ್ಲವೋ ಗೊತ್ತಿರೋದಿಲ್ಲ.

ಒಂದು ಕಳೆಯುವ ಲೆಕ್ಕ

ಶುಗರ್ ಇರುವವರ ರಕ್ತದ ಕೊಬ್ಬಿಗೆ ಒಂದು ವಿಶೇಷ ಸ್ವಭಾವವಿದೆ. ಎಲ್‌ಡಿಎಲ್ ತೀರಾ ಹೆಚ್ಚು ಕಾಣೋದಿಲ್ಲ, ಆದರೆ ಅದರ ಕಣಗಳು ಸಣ್ಣದಾಗಿ, ಗಟ್ಟಿಯಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿರುತ್ತವೆ. ಜೊತೆಗೆ ಟ್ರೈಗ್ಲಿಸರೈಡ್ ಏರಿರುತ್ತದೆ, ಒಳ್ಳೆಯದು ಅಂತ ಕರೆಯುವ ಎಚ್‌ಡಿಎಲ್ ಇಳಿದಿರುತ್ತದೆ. ಹಾಗಾಗಿ ಎಲ್‌ಡಿಎಲ್ ಒಂದನ್ನೇ ನೋಡಿದರೆ ಪೂರ್ತಿ ಚಿತ್ರ ಸಿಗೋದಿಲ್ಲ.

ಇದಕ್ಕೆ ಸುಲಭದ ದಾರಿ ಇದೆ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆಯಿರಿ. ಉಳಿದದ್ದಕ್ಕೆ ನಾನ್-ಎಚ್‌ಡಿಎಲ್ ಎಂದು ಹೆಸರು; ರಕ್ತನಾಳದ ಗೋಡೆಗೆ ಅಂಟುವ ಎಲ್ಲಾ ಬಗೆಯ ಕೊಬ್ಬೂ ಇದರೊಳಗೆ ಬರುತ್ತದೆ. ಗುರಿಯ ಲೆಕ್ಕವೂ ಸುಲಭ, ಎಲ್‌ಡಿಎಲ್ ಗುರಿಗೆ 30 ಸೇರಿಸಿದರೆ ಆಯ್ತು: 70 ಇದ್ದವರಿಗೆ 100, 55 ಇದ್ದವರಿಗೆ 85. ಮೇಲಿನ ಅಂಗಡಿಯವರದ್ದು 186ರಲ್ಲಿ 41 ಕಳೆದರೆ 145. ಇರಬೇಕಾದ್ದು 100ರೊಳಗೆ. ಹೊಸ ಟೆಸ್ಟ್ ಬೇಡ, ಹೆಚ್ಚು ದುಡ್ಡೂ ಬೇಡ, ಹಳೇ ರಿಪೋರ್ಟ್ ಇದ್ದರೂ ಸಾಕು.

ಇನ್ನೊಂದು ಸಂಗತಿ. ಅನೇಕ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆದು ಬರೆಯುತ್ತಾರೆ. 1972ರ ಈ ಸೂತ್ರ ಟ್ರೈಗ್ಲಿಸರೈಡ್ 400 ದಾಟಿದರೆ ಕೆಲಸಕ್ಕೆ ಬಾರದು. ಆಗ ನೇರ ಅಳತೆಯ ಎಲ್‌ಡಿಎಲ್ ಟೆಸ್ಟ್ ಬೇಕಾಗುತ್ತದೆ. ಟ್ರೈಗ್ಲಿಸರೈಡ್ 500ರ ಮೇಲೆ ಹೋದರಂತೂ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಇದೆ, ಅದನ್ನು ಮುಂದೂಡಬಾರದು.

ಖಾಲಿ ಹೊಟ್ಟೆ ಬೇಕೇ ಬೇಕಾ?

ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಹೊರಟು, ಹನ್ನೊಂದು ಗಂಟೆವರೆಗೆ ನೀರನ್ನೂ ಕುಡಿಯದೆ ಲ್ಯಾಬ್ ಮುಂದೆ ಕೂತವರನ್ನು ಯಾವ ತಾಲೂಕು ಕೇಂದ್ರದಲ್ಲಾದರೂ ನೋಡಬಹುದು. ನೀರು ಕುಡಿಯಲು ಯಾವ ಅಡ್ಡಿಯೂ ಇಲ್ಲ. ಕೊಲೆಸ್ಟ್ರಾಲ್ ಟೆಸ್ಟಿಗೆ ಉಪವಾಸ ಕಡ್ಡಾಯವಲ್ಲ ಎಂದು ಯುರೋಪಿನ ತಜ್ಞರು 2016ರಲ್ಲೇ ಹೇಳಿದ್ದಾರೆ. ತಿಂಡಿ ತಿಂದ ಮೇಲೆ ಸ್ವಲ್ಪ ಏರೋದು ಟ್ರೈಗ್ಲಿಸರೈಡ್ ಮಾತ್ರ. ಅದು 400ರ ಮೇಲೆ ಬಂದರೆ ಮತ್ತೊಮ್ಮೆ ಖಾಲಿ ಹೊಟ್ಟೆಯಲ್ಲಿ ಮಾಡಿಸಬಹುದು. ಫಾಸ್ಟಿಂಗ್ ಶುಗರ್ ಕೂಡ ಅದೇ ದಿನ ನೋಡಬೇಕಿದ್ದರೆ ಮಾತ್ರ ಉಪವಾಸ ಬೇಕು.

ಹಾಗೆ ಉಪವಾಸ ಹೋಗುವವರು ಒಂದು ವಿಷಯ ನೆನಪಿಡಬೇಕು. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಖಾಲಿ ಹೊಟ್ಟೆಯಲ್ಲಿ ಕ್ಯೂ ನಿಂತರೆ ಶುಗರ್ ಇಳಿದು, ಬೆವರಿ, ತಲೆಸುತ್ತಿ ಬೀಳಬಹುದು. ಆ ದಿನದ ಮಾತ್ರೆ, ಇಂಜೆಕ್ಷನ್ ಯಾವಾಗ ಅಂತ ಮೊದಲೇ ವೈದ್ಯರನ್ನು ಕೇಳಿಕೊಂಡು, ರಕ್ತ ಕೊಟ್ಟ ತಕ್ಷಣ ತಿನ್ನಲು ಏನಾದರೂ ಕಟ್ಟಿಕೊಂಡು ಹೋಗೋದು ಒಳ್ಳೆಯದು. ಹಿಂದಿನ ರಾತ್ರಿ ಕುಡಿದಿದ್ದರೆ ಟ್ರೈಗ್ಲಿಸರೈಡ್ ಏರಿರುತ್ತದೆ. ಜೋರು ಜ್ವರವಿದ್ದಾಗಲೂ ನಂಬರ್ ಸರಿ ಬರೋದಿಲ್ಲ.

ಇಸಿಜಿ ನಾರ್ಮಲ್ ಬಂದರೆ?

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆಯೇ ಸಾಲು ನಿಂತಿತ್ತು. ಸಾವುಗಳಲ್ಲಿ ಅಸಹಜ ಏರಿಕೆ ಕಂಡಿಲ್ಲ ಎಂದು ಸರ್ಕಾರ ನೇಮಿಸಿದ ತಜ್ಞರ ಸಮಿತಿ ನಂತರ ವರದಿ ಕೊಟ್ಟಿತು. ಮೃತರಲ್ಲಿ ಹಲವರಿಗೆ ಮಧುಮೇಹ, ಬಿಪಿ, ಧೂಮಪಾನದಂಥ ಕಾರಣಗಳಿದ್ದವು ಅನ್ನೋದೂ ಅದರಲ್ಲಿತ್ತು. ಇಸಿಜಿ ಮಾಡಿಸಿ ‘ಏನೂ ಇಲ್ಲ’ ಅಂತ ನಿರಾಳವಾಗಿ ಮನೆಗೆ ಬಂದವರು ಬಹಳ ಜನ. ಆದರೆ ಇಸಿಜಿ ಹೇಳೋದು ಆ ಹೊತ್ತಿನ ಹೃದಯದ ಸ್ಥಿತಿ, ಅಥವಾ ಹಿಂದೆ ಆದ ಪೆಟ್ಟು. ರಕ್ತನಾಳದಲ್ಲಿ ಅರ್ಧ ಕೊಬ್ಬು ಕಟ್ಟಿದ್ದರೂ ಸುಮ್ಮನೆ ಮಲಗಿದಾಗಿನ ಇಸಿಜಿ ಸರಿಯಾಗೇ ಬರಬಹುದು. ಮುಂದಿನ ಹತ್ತು ವರ್ಷದ ಅಪಾಯವನ್ನು ಅದು ಅಳೆಯೋದಿಲ್ಲ.

ಅಪಾಯ ಅಳೆಯಲು ಬೇಕಾಗೋದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪರಿಷ್ಕರಿಸಿದ ಚಾರ್ಟ್‌ಗಳಲ್ಲಿ ದಕ್ಷಿಣ ಏಷ್ಯಾಕ್ಕೆ ಪ್ರತ್ಯೇಕ ಹಾಳೆ ಇದೆ. ವಯಸ್ಸು, ಗಂಡೋ ಹೆಣ್ಣೋ, ಬೀಡಿ-ಸಿಗರೇಟು, ಮೇಲಿನ ಬಿಪಿ, ಶುಗರ್, ಒಟ್ಟು ಕೊಲೆಸ್ಟ್ರಾಲ್, ಇಷ್ಟನ್ನು ನೋಡಿದರೆ ಶೇಕಡಾವಾರು ಅಪಾಯ ಸಿಗುತ್ತದೆ. ಚಾರ್ಟಿನಲ್ಲಿ ಇಲ್ಲದ ಕೆಲವನ್ನು ವೈದ್ಯರು ಸೇರಿಸಿಕೊಳ್ಳುತ್ತಾರೆ: ಶುಗರ್ ಬಂದು ಎಷ್ಟು ವರ್ಷವಾಯ್ತು, ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹಾರ್ಟ್ ತೊಂದರೆ ಬಂದಿತ್ತಾ, ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದೆಯಾ.

ಹೆಚ್ಚಾಗಿ ಬಿಟ್ಟುಹೋಗುವ ಟೆಸ್ಟ್ ಮೂತ್ರದ್ದು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದ್ದರೆ ಕಿಡ್ನಿಗೆ ಮಾತ್ರ ಅಲ್ಲ, ಹೃದಯಕ್ಕೂ ಅದು ಎಚ್ಚರಿಕೆ ಗಂಟೆ. ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 30ರ ಕೆಳಗಿರಬೇಕು. ಶುಗರ್ ಪತ್ತೆಯಾದ ವರ್ಷವೇ ಇದನ್ನೂ ಲಿಪಿಡ್ ಪ್ರೊಫೈಲನ್ನೂ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ ನೋಡಬೇಕು. ‘ಗೃಹ ಆರೋಗ್ಯ’ದವರು ಮನೆಗೆ ಬಂದು ಶುಗರ್, ಬಿಪಿ ನೋಡಿ ಹೋದರು ಅಂದಮಾತ್ರಕ್ಕೆ ಇವೆರಡೂ ಮುಗಿದಂತಲ್ಲ.

ಮಾತ್ರೆ ಶುರುವಾದ ಮೇಲೆ

‘ನನ್ನ ಕೊಲೆಸ್ಟ್ರಾಲ್ ನಾರ್ಮಲ್ ಇದೆ, ಮತ್ಯಾಕೆ ಮಾತ್ರೆ?’ ಅನ್ನೋ ಪ್ರಶ್ನೆ ಮೆಡಿಕಲ್ ಸ್ಟೋರಿನವರಿಗೆ ಹೊಸದಲ್ಲ. ಇದಕ್ಕೆ ಉತ್ತರ 2004ರಲ್ಲಿ ಪ್ರಕಟವಾದ ಕಾರ್ಡ್ಸ್ ಅಧ್ಯಯನದಲ್ಲಿದೆ. ಬ್ರಿಟನ್ ಮತ್ತು ಐರ್ಲೆಂಡ್‌ನ 2838 ಮಧುಮೇಹಿಗಳು ಅದರಲ್ಲಿದ್ದರು. ಯಾರಿಗೂ ಮೊದಲು ಹೃದಯದ ಕಾಯಿಲೆ ಇರಲಿಲ್ಲ, ಎಲ್‌ಡಿಎಲ್ 160 ದಾಟಿರಲಿಲ್ಲ. ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು ಶೇ 37ರಷ್ಟು ಕಡಿಮೆಯಾದವು. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಎರಡು ವರ್ಷ ಮೊದಲೇ ಅಧ್ಯಯನ ನಿಲ್ಲಿಸಿದರು. ಅದಕ್ಕೇ 40 ದಾಟಿದ ಮಧುಮೇಹಿಗಳಿಗೆ ವೈದ್ಯರು ಸಾಮಾನ್ಯವಾಗಿ ಸ್ಟಾಟಿನ್ ಬರೆಯೋದು. ಜನೌಷಧಿ ಕೇಂದ್ರಗಳಲ್ಲಿ ಇದು ಕಡಿಮೆ ಬೆಲೆಗೇ ಸಿಗುತ್ತದೆ.

ಶುರು ಮಾಡಿದ 4ರಿಂದ 12 ವಾರದೊಳಗೆ ಮತ್ತೆ ಲಿಪಿಡ್ ನೋಡಬೇಕು. ನಂಬರ್ ಇಳಿದಿದೆ ಅಂತ ಮಾತ್ರೆ ನಿಲ್ಲಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಮೊದಲಿನ ಜಾಗಕ್ಕೆ ವಾಪಸ್ ಬರುತ್ತದೆ. ಸ್ಟಾಟಿನ್ ಶುಗರನ್ನು ತುಸು ಏರಿಸುತ್ತೆ ಅನ್ನೋದು ನಿಜ, ಆದರೆ ಹೃದಯಕ್ಕಾಗುವ ಲಾಭದ ಮುಂದೆ ಅದು ಸಣ್ಣದು. ಮೈಕೈ ನೋವು ವಿಪರೀತವಾದರೆ ಡೋಸ್ ಅಥವಾ ಮಾತ್ರೆ ಬದಲಿಸಬಹುದು. ಗರ್ಭಿಣಿಯರು, ಮಗುವಿಗೆ ಯೋಚಿಸುತ್ತಿರುವವರು ಕೇಳದೆ ತೆಗೆದುಕೊಳ್ಳಬಾರದು.

ಊಟದ ವಿಷಯಕ್ಕೆ ಬಂದರೆ, ‘ನಾವು ಮಾಂಸ ಮುಟ್ಟಲ್ಲ’ ಅನ್ನೋದು ರಕ್ಷಣೆಯಲ್ಲ. ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸುತ್ತದೆ. ಎಣ್ಣೆ ಪ್ಯಾಕೆಟ್ ಮೇಲಿನ ‘ಕೊಲೆಸ್ಟ್ರಾಲ್ ಇಲ್ಲ’ ಅನ್ನೋ ಬರಹಕ್ಕೂ ಅರ್ಥ ಕಡಿಮೆ, ಯಾವ ಸಸ್ಯದ ಎಣ್ಣೆಯಲ್ಲೂ ಅದು ಇರೋದೇ ಇಲ್ಲ. ಎಲ್‌ಡಿಎಲ್ ಏರಿಸೋದು ವನಸ್ಪತಿ, ಪಾಮ್ ಎಣ್ಣೆಯಲ್ಲಿರುವಂಥ ಗಟ್ಟಿ ಕೊಬ್ಬು. ಬಿಳಿ ಅನ್ನ, ಮೈದಾ, ಸಕ್ಕರೆ ಹೆಚ್ಚಾದರೆ ಏರೋದು ಟ್ರೈಗ್ಲಿಸರೈಡ್.

ಎದೆನೋವೇ ಬರಬೇಕೆಂದಿಲ್ಲ

ಬಹಳ ವರ್ಷದ ಶುಗರ್ ನರಗಳನ್ನು ಮಂಕು ಮಾಡುತ್ತದೆ. ಹಾಗಾಗಿ ಇಂಥವರಲ್ಲಿ ಹಾರ್ಟ್ ಅಟ್ಯಾಕ್ ಎದೆನೋವಿಲ್ಲದೆಯೂ ಬರಬಹುದು. ಏಕಾಏಕಿ ಉಸಿರು ಕಟ್ಟುವುದು, ತಣ್ಣನೆ ಬೆವರು, ದವಡೆ ಅಥವಾ ಮೇಲ್ಹೊಟ್ಟೆಯಲ್ಲಿ ಸಂಕಟ, ಕಾರಣವಿಲ್ಲದ ಸುಸ್ತು ಕಂಡರೆ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಕೂರದೆ 108ಕ್ಕೆ ಕರೆ ಮಾಡಬೇಕು. 2024ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಆಯ್ದ ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ರಕ್ತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಮಾತ್ರ ಅದರಿಂದ ಪೂರ್ತಿ ಪ್ರಯೋಜನ. ತಮ್ಮ ತಾಲೂಕಿನ ಆಸ್ಪತ್ರೆ ಈ ಪಟ್ಟಿಯಲ್ಲಿದೆಯೇ ಎಂದು ಮುಂದಿನ ಸಲ ಶುಗರ್ ಮಾತ್ರೆಗೆ ಹೋದಾಗಲೇ ವಿಚಾರಿಸಿ ಇಟ್ಟುಕೊಳ್ಳಬಹುದು.