ರುಚಿ ಉಳಿಯಿತು, ಜನ ಉಳಿಯಲಿಲ್ಲ

ಒಂದು ಜನಸಮುದಾಯದ ಚರಿತ್ರೆಯನ್ನು ಅಳಿಸಲು ಹೊರಟವರು ಮೊದಲು ಅದರ ಕಟ್ಟಡಗಳ ಮೇಲೆ, ಬಳಿಕ ಅದರ ಭಾಷೆ ಮತ್ತು ಪುಸ್ತಕಗಳ ಮೇಲೆ ಕಣ್ಣು ಹಾಕುತ್ತಾರೆ. ಅಡುಗೆಮನೆಯ ತನಕ ಅವರ ಕೈ ಅಷ್ಟು ಸುಲಭವಾಗಿ ಚಾಚುವುದಿಲ್ಲ. ಆದ್ದರಿಂದ ಎಷ್ಟೋ ಊರುಗಳಲ್ಲಿ ಜನ ಹೋದರೂ ಅವರ ರುಚಿ ಉಳಿದುಕೊಳ್ಳುತ್ತದೆ. ಉಣ್ಣುವವರಿಗೆ ಅದು ಯಾರು ಬಿಟ್ಟುಹೋದದ್ದು ಎಂಬ ನೆನಪು ಮಾತ್ರ ಇರುವುದಿಲ್ಲ. ಇಟಲಿಯ ದಕ್ಷಿಣ ತುದಿಯ ಸಿಸಿಲಿ ದ್ವೀಪ ಇದಕ್ಕೊಂದು ಒಳ್ಳೆಯ ನಿದರ್ಶನ.

ಸಿಸಿಲಿಯ ರಾಜಧಾನಿ ಪಲೆರ್ಮೊದಲ್ಲಿ ನಾವು ಕಳೆದದ್ದು ಕೇವಲ ಮೂರು ದಿನ. ಹಳೆಯ ಪಟ್ಟಣವನ್ನು ನಡೆದೇ ಸುತ್ತಬಹುದು. ಅರಮನೆ, ಪ್ರಧಾನ ಚರ್ಚು, ಸಂತೆ ಎಲ್ಲವೂ ಒಂದಕ್ಕೊಂದು ಸಮೀಪದಲ್ಲಿವೆ. ಅಲ್ಲಿನ ಬೀದಿಗಳಲ್ಲಿ ಮೂರು ಚಕ್ರದ ಪುಟ್ಟ ಗಾಡಿಗಳಲ್ಲಿ ಮಾರುವ ಒಂದು ತಿಂಡಿಯೇ ಈ ಲೇಖನಕ್ಕೆ ನೆಪ. ಅದರ ಹೆಸರು ಸ್ಫಿಂಚೋನೆ. ಇದು ಪಲೆರ್ಮೊದ ಪಿಜ್ಜಾ. ಆದರೆ ನಮಗೆ ಪರಿಚಯವಿರುವ ತೆಳು ಪಿಜ್ಜಾ ಅಲ್ಲ. ಬೆರಳಿನಷ್ಟು ದಪ್ಪಗೆ ಉಬ್ಬಿದ ಮೆತ್ತನೆಯ ರೊಟ್ಟಿ, ಅದರ ಮೇಲೆ ಬೇಯಿಸಿದ ನೀರುಳ್ಳಿ, ಟೊಮೆಟೊ, ಆಂಚೊವಿ ಎಂಬ ಪುಟ್ಟ ಮೀನು, ಸ್ಥಳೀಯ ಚೀಸ್ ಮತ್ತು ಹುರಿದ ಬ್ರೆಡ್ಡಿನ ಪುಡಿ. ಹೆಸರಿನ ಮೂಲ ಸ್ಪಂಜನ್ನು ಸೂಚಿಸುವ ಲ್ಯಾಟಿನ್ ಪದವೆಂದು ಕೆಲವರು ಹೇಳಿದರೆ, ಅರಬಿಯ ‘ಇಸ್ಫಂಜ್’ ಎಂದು ಇನ್ನು ಕೆಲವರು ವಾದಿಸುತ್ತಾರೆ. ಸಿಸಿಲಿಯಲ್ಲಿ ಇಂತಹ ಎರಡು ಮೂಲಗಳ ಜಗಳ ಕಲ್ಲಿಗೂ ಇದೆ, ರೊಟ್ಟಿಗೂ ಇದೆ.

ಕಲ್ಲು ಹೇಳುವ ಕಥೆ

ಕ್ರಿ.ಶ. 827ರಲ್ಲಿ ಇಂದಿನ ಟ್ಯುನೀಶಿಯಾದಿಂದ ಹೊರಟ ಅಗ್ಲಬಿ ಸೇನೆ ಸಿಸಿಲಿಯ ಮಜಾರಾ ಎಂಬಲ್ಲಿ ಬಂದಿಳಿಯಿತು. 831ರಲ್ಲಿ ಪಲೆರ್ಮೊ ಅದರ ವಶವಾಯಿತು. ಪೂರ್ವ ತೀರದ ತಾವೊರ್ಮಿನಾ ಬೀಳಲು 902ರ ವರೆಗೆ ಸಮಯ ಹಿಡಿಯಿತು. ಇದು ಖಡ್ಗದಿಂದ ನಡೆದ ವಿಜಯ. ಊರುಗಳು ಸುಟ್ಟವು, ಜನ ಸೆರೆಯಾಳುಗಳಾದರು. ಆ ಕಾಲದ ಎಲ್ಲ ಸಾಮ್ರಾಜ್ಯಗಳೂ ಮಾಡಿದ್ದನ್ನೇ ಇವರೂ ಮಾಡಿದರು. ಇದನ್ನು ಮರೆಮಾಚಿ ಬರೆಯುವ ಚರಿತ್ರೆ ಚರಿತ್ರೆಯಲ್ಲ.

ಆದರೆ ಬಂದವರು ಬರೀ ಸೈನಿಕರಾಗಿರಲಿಲ್ಲ. ಅವರ ಹಿಂದೆಯೇ ರೈತರು, ತೋಟಗಾರರು, ಕುಶಲಕರ್ಮಿಗಳು ಬಂದರು. ಒಣಭೂಮಿಗೆ ನೀರು ಹಾಯಿಸುವ ವಿದ್ಯೆ ಬಂತು. ಇಂದಿಗೂ ಸಿಸಿಲಿಯ ರೈತ ನೀರಿನ ತೊಟ್ಟಿಗೆ ‘ಜೆಬ್ಬಿಯಾ’ ಎನ್ನುತ್ತಾನೆ, ಅರಬಿಯಲ್ಲಿ ಅದು ‘ಜಾಬಿಯಾ’. ನೀರೆತ್ತುವ ಚಕ್ರ ‘ಸೆನಿಯಾ’, ಅರಬಿಯ ‘ಸಾನಿಯಾ’. ರೊಟ್ಟಿಯ ಮೇಲೆ ಉದುರಿಸುವ ಎಳ್ಳು ‘ಜುಜ್ಜುಲೇನಾ’, ಅರಬಿಯ ‘ಜುಲ್‌ಜುಲಾನ್’. ನಿಂಬೆ, ಹುಳಿ ಕಿತ್ತಳೆ, ಕಬ್ಬು, ಬದನೆ ಈ ನೆಲದಲ್ಲಿ ಬೇರುಬಿಟ್ಟದ್ದು ಆ ಶತಮಾನಗಳಲ್ಲಿ.

973ರಲ್ಲಿ ಪಲೆರ್ಮೊಗೆ ಬಂದ ಬಗ್ದಾದಿನ ಕಡೆಯ ಪ್ರವಾಸಿ ಇಬ್ನ್ ಹೌಕಲ್ ಇಲ್ಲಿ 300ಕ್ಕೂ ಹೆಚ್ಚು ಮಸೀದಿಗಳಿದ್ದುದನ್ನು ದಾಖಲಿಸಿದ್ದಾನೆ. ಆದರೂ ಊರಿನವರ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಇವರು ಹೊತ್ತುಹೊತ್ತಿಗೂ ಹಸಿ ನೀರುಳ್ಳಿ ತಿನ್ನುತ್ತಾರೆ, ಅದರಿಂದಲೇ ಬುದ್ಧಿ ಮಂಕಾಗಿದೆ ಎಂದು ದೂರಿದ್ದಾನೆ. ಸಾವಿರ ವರ್ಷಗಳ ಬಳಿಕವೂ ಪಲೆರ್ಮೊದ ಪಿಜ್ಜಾದಲ್ಲಿ ನೀರುಳ್ಳಿಯದೇ ದರ್ಬಾರು. ಪಾಪ, ಇಬ್ನ್ ಹೌಕಲನ ಉಪದೇಶ ನಾಟಲಿಲ್ಲ.

1072ರಲ್ಲಿ ಉತ್ತರ ಫ್ರಾನ್ಸಿನ ಮೂಲದ ನಾರ್ಮನ್ ಕ್ರೈಸ್ತ ದೊರೆಗಳು ಪಲೆರ್ಮೊವನ್ನು ಗೆದ್ದರು. ವಿಚಿತ್ರವೆಂದರೆ ನಾವು ಇಂದು ಅಲ್ಲಿ ಕಾಣುವ ಅರಬ್ ಶೈಲಿಯ ಕಟ್ಟಡಗಳಲ್ಲಿ ಹೆಚ್ಚಿನವು ಕಟ್ಟಲ್ಪಟ್ಟದ್ದು ಈ ಕ್ರೈಸ್ತ ದೊರೆಗಳ ಕಾಲದಲ್ಲಿ. ಎರಡನೆಯ ರೋಜರ್ ಕಟ್ಟಿಸಿದ ಅರಮನೆಯ ಪ್ರಾರ್ಥನಾಲಯದಲ್ಲಿ ಗೋಡೆಯ ಚಿತ್ರಗಳು ಬೈಜಾಂಟಿಯಮ್ ಶೈಲಿಯವು, ಮರದ ಸೂರು ಮಾತ್ರ ಜೇನುಗೂಡಿನಂತಹ ಅರಬ್ ಕೆತ್ತನೆಯದು. ಅದರ ಮೇಲೆ ಕೂಫಿ ಲಿಪಿಯ ಶುಭಾಶಯಗಳಿವೆ, ಚದುರಂಗವಾಡುವವರ ಚಿತ್ರವೂ ಇದೆ. ಪ್ರಧಾನ ಚರ್ಚಿನ ದಕ್ಷಿಣ ದ್ವಾರದ ಒಂದು ಕಂಬದ ಮೇಲೆ ಕುರ್‌ಆನಿನ ಸೂಕ್ತವೊಂದು ಇಂದಿಗೂ ಓದಲು ಸಿಗುತ್ತದೆ. ಅದೇ ಜಾಗ ಮೊದಲು ಚರ್ಚಾಗಿತ್ತು, ನಂತರ ಮಸೀದಿಯಾಯಿತು, ಮತ್ತೆ ಚರ್ಚಾಯಿತು. ‘ಅಲ್ ಅಜೀಜಾ’ ಎಂಬ ಅರಬಿ ಹೆಸರಿನಿಂದ ‘ಜೀಸಾ’ ಆದ ಬೇಸಿಗೆ ಅರಮನೆಯ ಸಂಗ್ರಹಾಲಯದಲ್ಲಿ 1149ರ ಒಂದು ಗೋರಿಗಲ್ಲು ಇದೆ. ಒಬ್ಬ ಕ್ರೈಸ್ತ ಪಾದ್ರಿ ತನ್ನ ತಾಯಿ ಅನ್ನಾಳ ನೆನಪಿಗೆ ನಿಲ್ಲಿಸಿದ ಕಲ್ಲದು. ಬರಹ ಲ್ಯಾಟಿನ್, ಗ್ರೀಕ್, ಅರಬಿ ಹಾಗೂ ಹೀಬ್ರೂ ಲಿಪಿಯ ಅರಬಿಯಲ್ಲಿದೆ. ತಾಯಿಯ ಸಾವನ್ನು ಊರಿನ ಎಲ್ಲರಿಗೂ ಅವರವರ ಅಕ್ಷರದಲ್ಲೇ ತಿಳಿಸಬೇಕೆಂದು ಒಬ್ಬ ಮಗನಿಗೆ ಅನ್ನಿಸಿದ ಕಾಲವದು.

ಇದೇ ರೋಜರನ ಆಸ್ಥಾನದಲ್ಲಿ ಭೂಗೋಳಶಾಸ್ತ್ರಜ್ಞ ಅಲ್ ಇದ್ರೀಸಿ 1154ರಲ್ಲಿ ತನ್ನ ಪ್ರಸಿದ್ಧ ಗ್ರಂಥ ಮುಗಿಸಿದ. ಪಲೆರ್ಮೊ ಬಳಿಯ ತ್ರಾಬಿಯಾ ಎಂಬ ಊರಲ್ಲಿ ‘ಇತ್ರಿಯಾ’ ಎಂಬ ಒಣ ಶಾವಿಗೆಯನ್ನು ಹೇರಳವಾಗಿ ತಯಾರಿಸಿ ಹಡಗುಗಳಲ್ಲಿ ಮುಸ್ಲಿಮ್ ಹಾಗೂ ಕ್ರೈಸ್ತ ನಾಡುಗಳಿಗೆ ಕಳಿಸುತ್ತಿದ್ದರೆಂದು ಅವನು ಬರೆದಿದ್ದಾನೆ. ಪಾಸ್ತಾ ಇಟಲಿಗೆ ಬಂದದ್ದು ಮಾರ್ಕೊ ಪೋಲೋ ಚೀನಾದಿಂದ ತಂದಾಗ ಎಂಬ ಕಥೆಗೆ ಇಷ್ಟು ಸಾಕ್ಷ್ಯವೇ ಉತ್ತರ. ಪೋಲೋ ಹುಟ್ಟಿದ್ದು ಅದಕ್ಕೆ ನೂರು ವರ್ಷಗಳ ಬಳಿಕ.

ಸಂತೆಯಲ್ಲಿ ಕೇಳಿದ ಹೆಸರು

ಪಲೆರ್ಮೊದ ಹಳೆಯ ಸಂತೆಗಳಲ್ಲಿ ಒಂದು ಬಲ್ಲರೊ. ಈ ಹೆಸರು ಸಮೀಪದ ಒಂದು ಹಳ್ಳಿಯ ಅರಬಿ ಹೆಸರಿನಿಂದ ಬಂದಿರಬೇಕೆಂಬುದು ಸಾಮಾನ್ಯ ಅಭಿಪ್ರಾಯ. ಇನ್ನೊಂದು ಊಹೆ ಕನ್ನಡಿಗರ ಕಿವಿ ನಿಮಿರಿಸುವಂಥದ್ದು. ಸಾಂಬಾರ ಪದಾರ್ಥಗಳು ಬರುತ್ತಿದ್ದ ದಖ್ಖನಿನ ದೊರೆಯ ಬಿರುದು ಸಂತೆಗೆ ಅಂಟಿಕೊಂಡಿತು ಎನ್ನುತ್ತದೆ ಅದು. ಅರಬ್ ಬರಹಗಾರರು ‘ಬಲ್‌ಹರಾ’ ಎಂದು ಕರೆದದ್ದು ವಲ್ಲಭರಾಜರನ್ನು, ಅಂದರೆ ಮಾನ್ಯಖೇಟದ ರಾಷ್ಟ್ರಕೂಟರನ್ನು. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಊಹೆ ನಿಜವಿರಲಿ ಇಲ್ಲದಿರಲಿ, ಕಾಲ ಮಾತ್ರ ಒಂದೇ. ಪಲೆರ್ಮೊ ಅರಬರ ವಶವಾದಾಗ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. 851ರ ಅರಬ್ ವರದಿಯೊಂದು ಬಲ್‌ಹರಾನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿ, ಅರಬರ ಮೇಲೆ ಆತನಿಗಿದ್ದ ವಿಶ್ವಾಸವನ್ನು ಕೊಂಡಾಡಿದೆ. ಆತನ ರಾಜ್ಯದಲ್ಲಿ ಮುಸ್ಲಿಮರಿಗೆ ರಕ್ಷಣೆಯಿತ್ತು, ಮಸೀದಿಗಳಿದ್ದವು ಎಂದು ಮುಂದಿನ ಶತಮಾನದ ಅಲ್ ಮಸೂದಿ ಬರೆದ.

ಲೂಚೆರಾದ ದಾರಿ

ನಾರ್ಮನ್ ಕಾಲವನ್ನು ಸೌಹಾರ್ದದ ಸುವರ್ಣಯುಗವೆಂದು ಹೊಗಳುವುದು ಇಂದಿನ ಪ್ರವಾಸಿ ಪುಸ್ತಕಗಳ ವಾಡಿಕೆ. 1184ರ ಕೊನೆಯಲ್ಲಿ ಹಡಗು ಒಡೆದು ಸಿಸಿಲಿಗೆ ಬಂದು ಬಿದ್ದ ಆಂದಲೂಸಿನ ಯಾತ್ರಿಕ ಇಬ್ನ್ ಜುಬೈರ್ ಎರಡು ಮುಖಗಳನ್ನೂ ಕಂಡ. ಕ್ರಿಸ್‌ಮಸ್ ದಿನ ಪಲೆರ್ಮೊದ ಕ್ರೈಸ್ತ ಹೆಂಗಸರು ಮುಸ್ಲಿಮ್ ಹೆಂಗಸರಂತೆಯೇ ರೇಷ್ಮೆಯುಟ್ಟು, ಮುಸುಕು ಹಾಕಿ, ಮದರಂಗಿ ಹಚ್ಚಿಕೊಂಡು ಚರ್ಚಿಗೆ ಹೋಗುವುದನ್ನು ನೋಡಿ ಬೆರಗಾದ. ಅರಮನೆಯಲ್ಲಿ ಮತವನ್ನು ಗುಟ್ಟಾಗಿ ಪಾಲಿಸುತ್ತಿದ್ದ ಸೇವಕರ ಅಳುಕನ್ನೂ ದಾಖಲಿಸಿದ. ದೊರೆಯ ಆಶ್ರಯವಿರುವ ತನಕ ಮಾತ್ರ ಈ ನೆಮ್ಮದಿ ಎಂಬುದು ಅವನ ಬರಹದಲ್ಲಿ ಎದ್ದು ಕಾಣುತ್ತದೆ. 1189ರಲ್ಲಿ ಎರಡನೆಯ ವಿಲಿಯಮ್ ತೀರಿಕೊಂಡ ಕೂಡಲೇ ಪಲೆರ್ಮೊದಲ್ಲಿ ಮುಸ್ಲಿಮರ ಮೇಲೆ ದಾಳಿ ನಡೆದು ಅವರು ಬೆಟ್ಟಗಳಿಗೆ ಓಡಿದರು.

ಕೊನೆಯ ಏಟು ಕೊಟ್ಟವನು ಚಕ್ರವರ್ತಿ ಎರಡನೆಯ ಫ್ರೆಡರಿಕ್. ಅರಬ್ ವಿದ್ವಾಂಸರನ್ನು ಮೆಚ್ಚುತ್ತಿದ್ದವನು, 1229ರಲ್ಲಿ ಸುಲ್ತಾನ್ ಅಲ್ ಕಾಮಿಲನೊಂದಿಗೆ ಕಾಳಗವಿಲ್ಲದೆ ಜೆರುಸಲೇಮಿನ ಒಪ್ಪಂದ ಮಾಡಿಕೊಂಡವನು ಇವನೇ. ಆದರೆ ತನ್ನದೇ ರಾಜ್ಯದ ಮುಸ್ಲಿಮರು ದಂಗೆಯೆದ್ದಾಗ 1220ರ ದಶಕದಿಂದ ಆರಂಭಿಸಿ ಅವರನ್ನು ಸಾವಿರಗಟ್ಟಲೆಯಾಗಿ ಇಟಲಿಯ ಒಳನಾಡಿನ ಲೂಚೆರಾಕ್ಕೆ ಸಾಗಿಸಿದ. ಗೋಧಿಯ ಬಯಲಿನ ನಡುವಿನ ಆ ಊರಿನಲ್ಲಿ ಅವರು ಹೊಲ ಉತ್ತರು, ಸೈನ್ಯಕ್ಕೆ ಬಿಲ್ಲಾಳುಗಳನ್ನು ಕೊಟ್ಟರು, ತೆರಿಗೆ ಕಟ್ಟಿದರು. 1300ರ ಆಗಸ್ಟಿನಲ್ಲಿ ನೇಪಲ್ಸ್‌ನಿಂದ ಆಳುತ್ತಿದ್ದ ಎರಡನೆಯ ಚಾರ್ಲ್ಸ್ ಆ ಊರನ್ನೂ ಮುಗಿಸಿದ. ಜನರನ್ನು ಗುಲಾಮರನ್ನಾಗಿ ಮಾರಲಾಯಿತು, ಆಸ್ತಿ ಖಜಾನೆ ಸೇರಿತು. 1492ರ ಸ್ಪೇನಿನ ಆಜ್ಞೆಯಂತೆ ಸಿಸಿಲಿಯ ಯಹೂದಿಯರೂ ಹೊರಹಾಕಲ್ಪಟ್ಟರು. ಅನ್ನಾಳ ಗೋರಿಗಲ್ಲಿನ ನಾಲ್ಕು ಬರಹಗಳಲ್ಲಿ ಎರಡನ್ನು ಓದುವವರು ಆ ದ್ವೀಪದಲ್ಲಿ ಇಲ್ಲವಾದರು. ನಿಂಬೆಯ ಮರ, ನೀರಿನ ತೊಟ್ಟಿ, ಶಾವಿಗೆ, ಎಳ್ಳಿನ ರೊಟ್ಟಿ ಉಳಿದವು.

ಬಡವರ ರೊಟ್ಟಿ

ಹಾಗಾದರೆ ಪಿಜ್ಜಾ ಅರಬರದೇ? ಅಲ್ಲ. ಹಾಗೆ ಹಕ್ಕು ಸಾಧಿಸುವುದೂ ಇನ್ನೊಂದು ಬಗೆಯ ಅಳಿಸುವಿಕೆಯೇ. ರೊಟ್ಟಿಯ ಮೇಲೆ ಏನನ್ನಾದರೂ ಹರಡಿ ಸುಡುವುದು ಮೆಡಿಟರೇನಿಯನ್ ಸುತ್ತಲಿನ ಎಲ್ಲರ ಪದ್ಧತಿ. ಲೆಬನಾನಿನ ಮನಾಕೀಶ್, ತುರ್ಕಿಯ ಲಹ್ಮಾಜುನ್ ಅದರ ಬಂಧುಗಳು. ‘ಪಿಜ್ಜಾ’ ಎಂಬ ಪದ ಮೊದಲು ಕಾಣಿಸುವುದು 997ರಲ್ಲಿ, ನೇಪಲ್ಸ್‌ಗೂ ರೋಮಿಗೂ ನಡುವಿನ ಗಯೆಟಾದ ಒಂದು ಗೇಣಿ ಪತ್ರದಲ್ಲಿ. ಗೇಣಿದಾರ ಹಬ್ಬಕ್ಕೆ ಬಿಷಪ್ಪರಿಗೆ ಹನ್ನೆರಡು ಪಿಜ್ಜಾ ಒಪ್ಪಿಸಬೇಕೆಂಬ ಕರಾರು ಅದು. ಅದರಲ್ಲಿ ಟೊಮೆಟೊ ಇರಲು ಸಾಧ್ಯವೇ ಇಲ್ಲ. ಟೊಮೆಟೊ ಅಮೆರಿಕ ಖಂಡದ ಬೆಳೆ. 16ನೆಯ ಶತಮಾನದಲ್ಲಿ ಯುರೋಪಿಗೆ ಬಂತು. ನಮ್ಮ ಊರಿಗೆ ಹಸಿಮೆಣಸು ಬಂದದ್ದೂ ಅದೇ ಖಂಡದಿಂದ, ಪೋರ್ಚುಗೀಸರ ಹಡಗಿನಲ್ಲಿ.

ಇಂದಿನ ಪಿಜ್ಜಾ ರೂಪುಗೊಂಡದ್ದು ಪಲೆರ್ಮೊದಿಂದ ಒಂದು ರಾತ್ರಿಯ ಹಡಗು ಪ್ರಯಾಣದಷ್ಟು ದೂರದ ನೇಪಲ್ಸ್‌ನಲ್ಲಿ, ಅದೂ ತೀರಾ ಬಡವರ ಕೈಯಲ್ಲಿ. 1830ರ ದಶಕದಲ್ಲಿ ಅಲ್ಲಿಗೆ ಹೋಗಿದ್ದ ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಆ ನಗರದ ದಿಕ್ಕಿಲ್ಲದವರು ಬೇಸಿಗೆಯಲ್ಲಿ ಕಲ್ಲಂಗಡಿಯಿಂದ, ಚಳಿಗಾಲದಲ್ಲಿ ಪಿಜ್ಜಾದಿಂದ ಹೊಟ್ಟೆ ಹೊರೆಯುತ್ತಾರೆಂದು ಬರೆದ. ‘ಪಿನೋಕಿಯೊ’ ಬರೆದ ಕೊಲ್ಲೋದಿ 1886ರಲ್ಲಿ ಪಿಜ್ಜಾದ ಬಗ್ಗೆ ಹೇಳುವಾಗ ಮೂಗು ಮುಚ್ಚಿಕೊಂಡೇ ಬರೆದ, ಅದು ಅವನಿಗೆ ಕೊಳಕಿನಂತೆ ಕಂಡಿತು. ಉತ್ತರ ಇಟಲಿಯವರಿಗೆ ದಕ್ಷಿಣದವರ ತಿಂಡಿಯ ಮೇಲಿದ್ದ ತಾತ್ಸಾರ, ದಕ್ಷಿಣದವರ ಮೇಲಿದ್ದ ತಾತ್ಸಾರವೇ. 1889ರಲ್ಲಿ ರಾಣಿ ಮಾರ್ಗರಿಟಾ ಪಿಜ್ಜಾ ತಿಂದು ಮೆಚ್ಚಿದಳೆಂಬ ಕಥೆ ಪ್ರಸಿದ್ಧ. ಅದಕ್ಕೆ ಸಾಕ್ಷಿಯೆಂದು ತೋರಿಸುವ ಪತ್ರದ ಬಗ್ಗೆ ಇತಿಹಾಸಕಾರರಿಗೆ ಬಲವಾದ ಸಂಶಯಗಳಿವೆ. ಪಿಜ್ಜಾವನ್ನು ಜಗತ್ತಿಗೆ ಒಯ್ದದ್ದು ರಾಣಿಯಲ್ಲ, ಹಸಿವಿನಿಂದ ಅಮೆರಿಕದ ಹಡಗು ಹತ್ತಿದ ಲಕ್ಷಾಂತರ ದಕ್ಷಿಣದವರು. 2017ರಲ್ಲಿ ಯುನೆಸ್ಕೊ ನೇಪಲ್ಸ್‌ನ ಪಿಜ್ಜಾ ಕಲೆಯನ್ನು ಮಾನವಕುಲದ ಪರಂಪರೆಯೆಂದು ಗುರುತಿಸಿತು.

ಮನೆಯಲ್ಲಿ ಮಾಡಿ ನೋಡಿ

ನೇಪಲ್ಸ್‌ನ ಪಿಜ್ಜಾಕ್ಕೆ 450 ಡಿಗ್ರಿ ಆಸುಪಾಸಿನ ಸೌದೆಯ ಭಟ್ಟಿ ಬೇಕು, ಒಂದೂವರೆ ನಿಮಿಷದೊಳಗೆ ಬೇಯಬೇಕು. ನಮ್ಮ ಮನೆಯ ಓವನ್ 250 ಡಿಗ್ರಿ ದಾಟುವುದಿಲ್ಲ. ಆದ್ದರಿಂದ ತಟ್ಟೆಯಲ್ಲಿ ನಿಧಾನವಾಗಿ ಬೇಯುವ ಪಲೆರ್ಮೊದ ನೀರುಳ್ಳಿ ಪಿಜ್ಜಾವೇ ನಮ್ಮ ಮನೆಗಳಿಗೆ ಹೆಚ್ಚು ಹೊಂದುತ್ತದೆ. 350 ಗ್ರಾಂ ಮೈದಾ, 150 ಗ್ರಾಂ ಚಿರೋಟಿ ರವೆ, ಒಂದು ಚಮಚ ಒಣ ಯೀಸ್ಟ್, ಚಿಟಿಕೆ ಸಕ್ಕರೆ, 10 ಗ್ರಾಂ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ, ಸುಮಾರು 350 ಮಿಲಿ ಉಗುರುಬೆಚ್ಚಗಿನ ನೀರು. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ಅಂಟುವಂತೆ ನಾದಿ ಎರಡು ಗಂಟೆ ಮುಚ್ಚಿಡಿ. ಅಷ್ಟರಲ್ಲಿ ಅರ್ಧ ಕಿಲೊ ನೀರುಳ್ಳಿಯನ್ನು ಸಣ್ಣ ಉರಿಯಲ್ಲಿ ಮೆತ್ತಗಾಗುವ ತನಕ ಬಾಡಿಸಿ, ನಾಲ್ಕೈದು ಟೊಮೆಟೊ ಅರೆದು ಸೇರಿಸಿ ಗಟ್ಟಿ ಗೊಜ್ಜು ಮಾಡಿ. ಎಣ್ಣೆ ಸವರಿದ ತಟ್ಟೆಯಲ್ಲಿ ಹಿಟ್ಟನ್ನು ಬೆರಳಿನಿಂದ ಹರಡಿ ಇನ್ನರ್ಧ ಗಂಟೆ ಬಿಡಿ. ಚೀಸಿನ ತುಂಡುಗಳನ್ನು ಹಿಟ್ಟಿನೊಳಗೆ ಒತ್ತಿ, ಮೇಲೆ ಗೊಜ್ಜು, ಅದರ ಮೇಲೆ ಬ್ರೆಡ್ಡಿನ ಪುಡಿ ಮತ್ತು ಒರೆಗಾನೊ. ಒರೆಗಾನೊ ಸಿಗದಿದ್ದರೆ ಹಿತ್ತಿಲ ದೊಡ್ಡಪತ್ರೆಯ ಒಂದೆರಡು ಎಲೆ ಹೆಚ್ಚಿ ಹಾಕಿ, ಪರಿಮಳದಲ್ಲಿ ಎರಡೂ ಹತ್ತಿರ. 25 ನಿಮಿಷ ಬೇಯಿಸಿದರೆ ಆಯಿತು. ಈ ತಟ್ಟೆಯಲ್ಲಿ ಎಷ್ಟು ಜನರ ಕೈಯಿದೆ ಎಂದು ಮಕ್ಕಳಿಗೆ ಎಣಿಸಿ ತೋರಿಸಲು ಅದು ಆರುವಷ್ಟು ಹೊತ್ತು ಸಾಕು.

ಯಾಕೆಂದರೆ ಎಣಿಸುವ ಅಗತ್ಯ ಇನ್ನೂ ಇದೆ. 2009ರಲ್ಲಿ ಇಟಲಿಯ ಲುಕ್ಕಾ ನಗರ ತನ್ನ ಹಳೆಯ ಪಟ್ಟಣದೊಳಗೆ ಕಬಾಬಿನಂತಹ ಪರದೇಶಿ ತಿಂಡಿಗಳ ಹೊಸ ಅಂಗಡಿಗಳಿಗೆ ನಿಷೇಧ ಹೇರಿತು. 2019ರಲ್ಲಿ ಬೊಲೋನಿಯಾದ ಹಬ್ಬವೊಂದಕ್ಕೆ ಹಂದಿ ಮಾಂಸ ತಿನ್ನದವರಿಗಾಗಿ ಕೋಳಿಮಾಂಸದ ತೋರ್ತೆಲ್ಲಿನಿಯನ್ನೂ ಮಾಡೋಣವೆಂದಾಗ, ನಮ್ಮ ಚರಿತ್ರೆಯನ್ನೇ ಅಳಿಸುತ್ತಿದ್ದಾರೆಂದು ರಾಜಕಾರಣಿ ಮತ್ತೆಯೊ ಸಾಲ್ವಿನಿ ಗದ್ದಲವೆಬ್ಬಿಸಿದರು. ತಟ್ಟೆಯಲ್ಲೇನಿದೆ ಎಂದು ಇಣುಕಿ ಮನುಷ್ಯನನ್ನು ಅಳೆಯುವ ಚಾಳಿ ಇಟಲಿಯೊಂದರದೇ ಅಲ್ಲವೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

827ರಲ್ಲಿ ಅಗ್ಲಬಿ ಸೇನೆ ಬಂದಿಳಿದ ಮಜಾರಾದಲ್ಲಿ ಇಂದು ಟ್ಯುನೀಶಿಯಾದವರು ಮತ್ತೆ ಇದ್ದಾರೆ. ಈ ಬಾರಿ ಬಂದದ್ದು ಸೈನಿಕರಲ್ಲ, 1960ರ ದಶಕದ ಕೊನೆಯಿಂದ ದುಡಿಮೆ ಹುಡುಕಿ ಬಂದ ಮೀನುಗಾರರು. ಊರಿನ ಸಿಗಡಿ ದೋಣಿಗಳು ಅವರ ಬೆವರನ್ನು ಬಲ್ಲವು. ಮಿಲಾನಿನ ಎಷ್ಟೋ ಪಿಜ್ಜಾ ಭಟ್ಟಿಗಳ ಮುಂದೆ ನಿಂತಿರುವವರು ಈಜಿಪ್ಟಿನಿಂದ ಬಂದವರು. ಅವರು ಮಾಡಿದ ರೊಟ್ಟಿಯನ್ನು ಇಟಲಿ ಸಂತೋಷದಿಂದಲೇ ತಿನ್ನುತ್ತಿದೆ. ಏಳುನೂರು ವರ್ಷಗಳ ಹಿಂದೆ ಲೂಚೆರಾದವರು ಬೆಳೆದ ಗೋಧಿಯನ್ನೂ ಹಾಗೆಯೇ ತಿಂದಿತ್ತು. ರೊಟ್ಟಿಯ ಜೊತೆ ಈ ಬಾರಿ ಜನವೂ ಉಳಿಯುತ್ತಾರೆಯೇ ಎಂಬುದೇ ಪ್ರಶ್ನೆ.